ಅಂಚಿನವರೆಗೆ ತುಂಬಿದ ಬೋಗಾಣಿ

ಆಗೆಲ್ಲ ನಮ್ಮ ಅಲಖನೂರಿನಲ್ಲಿ ಚಹಾ ಎಂದರೆ ಕಪ್ಪು ತುಂಬಿ ಬಸಿಗೆ ಇಳಿಯಬೇಕಿತ್ತು. ಅಂಚಿಗಿಂತ ಒಂದು ಬೆರಳು ಕೆಳಗೆ ನಿಂತ ಚಹಾ ಕೊಟ್ಟರೆ ಬಂದವರು ಕುಡಿದು ಎದ್ದು ಹೋಗುತ್ತಿದ್ದರು, ಆದರೆ ಓಣಿಯ ತಿರುವು ದಾಟುವ ಮೊದಲೇ "ಭಾಳ ಅಳತಿ ಮಂದಿರಿ ಅವ್ರು" ಎಂಬ ಮಾತು ಹುಟ್ಟಿರುತ್ತಿತ್ತು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಈ ವಿಷಯದಲ್ಲಿ ಊರಿಗೇ ದೊಡ್ಡಾಕೆ. ಬಸಿಯಲ್ಲಿ ಚಹಾ ಕಾಣದಿದ್ದರೆ ಅವ್ವನ ಕೈಯಿಂದ ಪಾತ್ರೆ ಕಸಿದುಕೊಂಡು ತಾನೇ ಸುರಿಯುತ್ತಿದ್ದಳು. ಅವಳದು ಇನ್ನೊಂದು ಕಟ್ಟಳೆ ಇತ್ತು. ಬೇರೆಯವರ ಮನೆಯಿಂದ ಏನಾದರೂ ತುಂಬಿಕೊಂಡು ಬಂದ ಪಾತ್ರೆ ಖಾಲಿ ಹಿಂದಿರುಗಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಊರಿನ ಎಲ್ಲ ಮನೆಗಳಲ್ಲೂ ಇದೇ ರೀತಿ ಇತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದ ಚಳಿಗಾಲ. ಕಬ್ಬು ಕಡಿಯುವ ಸುಗ್ಗಿ. ಊರಿಗೆ ಊರೇ ಬೆಲ್ಲದ ಪಾಕದ ವಾಸನೆ. ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ, ತಯಾರಿ ನಡೆದಿತ್ತು. ನಮ್ಮ ಇಂಗ್ಲಿಷ್ ಅಕ್ಕೋರು ಹೊಸದಾಗಿ ಬಂದವರು, ಹುರುಪಿನವರು. ಹಾಡು, ಕುಣಿತ ಎಲ್ಲರೂ ಮಾಡುತ್ತಾರೆ, ನಮ್ಮ ಹುಡುಗಿಯೊಬ್ಬಳು ವೇದಿಕೆ ಮೇಲೆ ನಿಂತು ಒಂದೇ ಒಂದು ಇಂಗ್ಲಿಷ್ ಶಬ್ದದ ಬಗ್ಗೆ ಮಾತಾಡಲಿ ಎಂದು ಹಟ ಹಿಡಿದರು. ಆ ಹುಡುಗಿ ನಾನು, ಆ ಶಬ್ದ ಬ್ರಿಮ್.

"ನೋಡ ಸುಮಾ, ಕಪ್ಪಿನ ಅಂಚಿಗೂ ಬ್ರಿಮ್ ಅಂತಾರ, ಹ್ಯಾಟಿನ ಅಂಚಿಗೂ ಬ್ರಿಮ್ ಅಂತಾರ. ಕಣ್ಣಾಗ ನೀರ ತುಂಬಿ ಇನ್ನೇನ ಬೀಳತಾವ ಅನ್ನೂ ಹಂಗ ನಿಂತಾಗ್ಲೂ ಇದs ಶಬ್ದ. ಖುಷಿ ಉಕ್ಕಿದಾಗ್ಲೂ ಇದs" ಎಂದು ಅಕ್ಕೋರು ಫಳಿ ಮೇಲೆ ಸೀಮೆಸುಣ್ಣದಿಂದ ಚಿತ್ರ ಬಿಡಿಸಿ ತೋರಿಸಿದರು. ಕಪ್ಪು ನಮ್ಮ ಮನೆಯಿಂದ ತರಬಹುದು, ಕಣ್ಣು ಹೇಗೂ ಇದ್ದವು. ಹ್ಯಾಟು ಎಲ್ಲಿಂದ ತರುವುದು? ನಮ್ಮ ಊರಿನ ಗಂಡಸರ ತಲೆಯ ಮೇಲೆ ಇದ್ದದ್ದು ಬಿಳಿ ಟೋಪಿ, ಇಲ್ಲವೆ ಪಟಗ. ಅವಕ್ಕೆ ಸುತ್ತ ಅಂಚೇ ಇಲ್ಲ. ಬಿಸಿಲು ಹೊಡೆದರೆ ಅಜ್ಜಂದಿರು ಅಂಗೈಯನ್ನು ಹುಬ್ಬಿನ ಮೇಲಿಟ್ಟು ಬ್ರಿಮ್ ಮಾಡಿಕೊಳ್ಳುತ್ತಿದ್ದರು.

ಇಡೀ ಊರಿನಲ್ಲಿ ಒಂದೇ ಒಂದು ಹ್ಯಾಟು ಇತ್ತು, ಮಿಲ್ಟ್ರಿ ಕಾಕಾನದು. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಅವರ ಮನೆ ಬುದ್ಧವಿಹಾರದ ಓಣಿಯಲ್ಲಿ, ನಮ್ಮ ಓಣಿಗೂ ಅದಕ್ಕೂ ನಡುವೆ ಒಂದು ಕಾಲುವೆ. ಎರಡೂ ಓಣಿಯವರು ಒಬ್ಬರಿಗೊಬ್ಬರು ಮಾತಾಡುತ್ತಿದ್ದರು, ನಗುತ್ತಿದ್ದರು, ಹೊಲದಲ್ಲಿ ಕೂಡಿ ದುಡಿಯುತ್ತಿದ್ದರು. ನಮ್ಮ ಮನೆಯಿಂದ ಅತ್ತ ಕೊಡಲು ಅಡ್ಡಿ ಇರಲಿಲ್ಲ. ಅತ್ತಲಿಂದ ತಂದು ಉಣ್ಣುವುದು ಮಾತ್ರ ನಮ್ಮ ಜಾತಿಯ ಕಟ್ಟಿನಲ್ಲಿ ಇರಲಿಲ್ಲ. ಹಿಂದಿನ ವರ್ಷ ಕಾಕಾನ ಹೆಂಡತಿ ಕಾಕು ಹುಣ್ಣಿಮೆಗೆ ಖೀರು ಕಳಿಸಿದಾಗ ಆಯಿ ನಗುತ್ತಲೇ ಇಸಿದುಕೊಂಡು, ಪಾತ್ರೆಗೆ ಬೆಲ್ಲ ಹಾಕಿ ಕಳಿಸಿ, ಖೀರನ್ನು ಎಮ್ಮೆಯ ಬಕೆಟ್ಟಿಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಾನು ಏನೂ ಕೇಳಿರಲಿಲ್ಲ. ಕೇಳದೆಯೇ ಪಾಠ ಕಲಿತಿದ್ದೆ.

ಹ್ಯಾಟು ಕೇಳಲು ಹೋದಾಗ ಕಾಕಾ ಗೋಡೆಯ ಗೂಟದಿಂದ ತೆಗೆದು, ಧೂಳು ಝಾಡಿಸಿ, ನನ್ನ ತಲೆಯ ಮೇಲೇ ಇಟ್ಟರು. ಮೂಗಿನವರೆಗೂ ಇಳಿಯಿತು. "ಬರೋಬರ್ ಐತಿ ಬಾಳಾ, ಜನರಲ್ ಸಾಹೇಬರ ಹಂಗ ಕಾಣಾಕತ್ತಿ!" ಎಂದು ನಕ್ಕರು. ಕಾಕು ಚಹಾ ತಂದಿಟ್ಟರು. ಶುಂಠಿ ಹಾಕಿದ ಚಹಾ, ಕಪ್ಪಿನ ಅಂಚು ಮೀರಿ ಬಸಿಯ ಅರ್ಧಕ್ಕೆ ಬಂದಿತ್ತು.

"ನಾ ಚಾ ಕುಡಿಯೂದಿಲ್ರಿ ಕಾಕು" ಎಂದೆ.

ಕಾಕು ಕಾಕಾನ ಮುಖ ನೋಡಿದರು. "ಇರ್ಲಿ ಬಿಡು, ಸಣ್ಣ ಹುಡುಗ್ರು ಚಾ ಕುಡಿಬಾರ್ದು" ಎಂದು ಕಾಕಾ ಆ ಬಸಿಯನ್ನು ತಾವೇ ಎತ್ತಿಕೊಂಡರು. ನಾನು ದಿನಕ್ಕೆ ಮೂರು ಸಲ ಚಹಾ ಕುಡಿಯುವವಳು.

ಗ್ಯಾದರಿಂಗ್ ಚೆನ್ನಾಗಿ ಆಯಿತು. ಕಪ್ಪಿಗೆ ನೀರು ತುಂಬಿ ಹಿಡಿದು "ದಿ ಕಪ್ ಈಸ್ ಫುಲ್ ಟು ದಿ ಬ್ರಿಮ್" ಎಂದೆ. ಹ್ಯಾಟಿನ ಅಂಚನ್ನು ಬೆರಳಿನಿಂದ ಸವರಿ ತೋರಿಸಿದೆ. ಕಣ್ಣಿನ ಮಾತು ಬಂದಾಗ ಹೆದರಿಕೆಗೆ ನಿಜವಾಗಿಯೇ ನೀರು ಬಂದು, ಅದನ್ನೂ ನಟನೆ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ಹಿಂದೆ ನಿಂತಿದ್ದ ಕಾಕಾ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕಿದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಆಯಿ ತಿರುಗಿ ಅವರನ್ನೇ ನೋಡಿದಳು.

ಮನೆಗೆ ಬಂದ ಮೇಲೆ ಕೇಳಿದಳು, "ಟೊಪಗಿ ತರಾಕ ಹ್ವಾದಾಗ ಚಾ ಕೊಟ್ರೇನ?"

"ಕೊಟ್ರು. ನಾ ಕುಡಿಲಿಲ್ಲ ಆಯಿ" ಎಂದೆ, ಶಭಾಷ್ ಎನ್ನುತ್ತಾಳೆಂದು.

"ಬಸಿಗೆ ಇಳದಿತ್ತೇನ?"

"ಹೂಂ."

ಮರುದಿನ ಸಂಜೆ ಆಯಿ ಗಾಣದಿಂದ ಬಂದ ಹೊಸ ಬೆಲ್ಲವನ್ನು ತನ್ನ ತವರಿನ ಹಿತ್ತಾಳೆ ಬೋಗಾಣಿಗೆ ತುಂಬಿ, ಹ್ಯಾಟಿನ ಜೊತೆ ಅದನ್ನೂ ನನ್ನ ಕೈಗಿಟ್ಟಳು. ಬೆಲ್ಲವನ್ನು ಕಾಗದದಲ್ಲಿ ಕಟ್ಟಿದ್ದರೂ ನಡೆಯುತ್ತಿತ್ತು. ಬೋಗಾಣಿಯೇ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅವತ್ತು ಹುಣ್ಣಿಮೆ. ಕಾಕಾನ ಮನೆಯಲ್ಲಿ ಬುದ್ಧನ ಮೂರ್ತಿಯ ಮುಂದೆ ಊದಿನಕಡ್ಡಿ, ಒಲೆಯ ಮೇಲೆ ಖೀರು. ಕಾಕು ಬೆಲ್ಲ ತೆಗೆದಿಟ್ಟು, ಬೋಗಾಣಿ ತೊಳೆದು, ಖೀರು ಹಾಕಿದರು, ಇನ್ನೊಂದು ಸೌಟು, ಮತ್ತೊಂದು ಸೌಟು, ಮುಚ್ಚಳ ಕೂರದಷ್ಟು. "ಸಾವಕಾಶ ಹೋಗವಾ, ತುಳಕತೈತಿ" ಎಂದರು.

ಎರಡೂ ಕೈಯಲ್ಲಿ ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಬಂದೆ. ಏಲಕ್ಕಿಯ ಘಮ, ಮೇಲೆ ತೇಲುವ ಶಾವಿಗೆ, ಅಂಚಿನಲ್ಲಿ ನಡುಗುವ ಹಾಲು. ಒಂದು ಹನಿ ಚೆಲ್ಲಲಿಲ್ಲ. ಕಾಲುವೆಯ ಹತ್ತಿರ ಬಂದಾಗ ಎಮ್ಮೆಯ ಬಕೆಟ್ಟು ನೆನಪಾಯಿತು. ನನ್ನ ತಲೆಗೆ ಹ್ಯಾಟು ಇಟ್ಟು ನಕ್ಕವರ ಮನೆಯ ಖೀರು ಮತ್ತೆ ಎಮ್ಮೆಗೆ ಹೋಗುವುದನ್ನು ನೋಡಲಾರೆ ಅನ್ನಿಸಿತು. ನಾನು ಒಂದು ಗುಟುಕು ಕುಡಿದು ನೋಡಬಹುದಿತ್ತು. ಅದಕ್ಕೂ ಧೈರ್ಯವಾಗಲಿಲ್ಲ. ಅತ್ತಿತ್ತ ನೋಡಿ ಅಷ್ಟನ್ನೂ ಕಾಲುವೆಗೆ ಸುರಿದೆ, ಬೋಗಾಣಿ ತೊಳೆದೆ.

ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಬೋಗಾಣಿ ಇಸಿದುಕೊಂಡು ಒಳಗೆ ಇಣುಕಿದಳು.

"ಏನ ಕೊಟ್ರs?"

"ಏನೂ ಕೊಡ್ಲಿಲ್ಲ ಆಯಿ. ಹಂಗs ಕೊಟ್ರು."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೋಗಾಣಿಯ ಅಂಚನ್ನು ಸೆರಗಿನಿಂದ ಸುತ್ತಲೂ ಒರೆಸಿದಳು. ಆಮೇಲೆ ತನಗೇ ಹೇಳಿಕೊಂಡಂತೆ, "ಅವ್ರದೇನ ತಪ್ಪೈತಿ? ಹೋದ ವರ್ಷ ಎಮ್ಮಿಗೆ ಹಾಕಿದ್ದು ಗೊತ್ತಾಗೇತಿ ಕಾಣ್ತೈತಿ. ಇನ್ನ ಯಾವ ಬಾಯ್ಲೆ ಕೇಳೂನು" ಎಂದಳು.

ಒಳಗೆ ಹೋಗಿ ನೋಡಿದರೆ ಒಲೆಯ ಪಕ್ಕದಲ್ಲಿ ಎರಡು ಬಟ್ಟಲು ತೊಳೆದು ಬೋರಲು ಹಾಕಿದ್ದಳು. ಒಂದು ನನ್ನದು, ಒಂದು ಅವಳದು.

ಆಗಲೂ ನಿಜ ಹೇಳಲಿಲ್ಲ. ವಾರದ ನಂತರ ಕಾಲುವೆಯ ಹತ್ತಿರ ಕಾಕು ಸಿಕ್ಕು, "ಖೀರ ಹೆಂಗಾಗಿತ್ತವಾ? ಆಯಿಗೆ ಸೇರ್ತೇನ?" ಎಂದು ಕೇಳಿದರು. "ಭಾಳ ಚೊಲೋ ಆಗಿತ್ರಿ" ಎಂದೆ. ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಆಯಿ ಮತ್ತೆಂದೂ ಆ ಓಣಿಗೆ ಬೋಗಾಣಿ ಕಳಿಸಲಿಲ್ಲ.

ಈಗ ನಾನು ಚಿಕ್ಕೋಡಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬ್ರಿಮ್ ಬಂದಾಗ ಕಪ್ಪು, ಹ್ಯಾಟು, ಕಣ್ಣು, ಖುಷಿ ಎಲ್ಲ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಊರಿನ ಮದುವೆಗಳಲ್ಲಿ ಈಗ ಎರಡೂ ಓಣಿಯವರು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಅದು ಒಳ್ಳೆಯದೇ. ಆದರೆ ಚಹಾ ಕಾಗದದ ಕಪ್ಪಿನಲ್ಲಿ ಅರ್ಧಕ್ಕೆ ಬರುತ್ತದೆ, ಪಾತ್ರೆ ಮನೆಯಿಂದ ಮನೆಗೆ ಹೋಗುವುದು ನಿಂತೇ ಹೋಗಿದೆ. ಕಾಕಾ ಇಲ್ಲ, ಕಾಕು ಇಲ್ಲ, ಆಯಿಯೂ ಇಲ್ಲ. ಅರವತ್ತು ದಾಟಿದ ಹೆಂಗಸೊಬ್ಬಳು ಜೀವನದಲ್ಲಿ ಒಂದೇ ಸಲ ಆ ಮನೆಯ ಖೀರು ಉಣ್ಣಲು ಬಟ್ಟಲು ತೊಳೆದಿಟ್ಟಿದ್ದಳು. ಅದು ಅವಳಿಗೆ ಸಿಗದಂತೆ ಮಾಡಿದವಳು ನಾನು.