ಹಕ್ಕರಕಿಯ ಮಡಿಯಲ್ಲಿ ಪಾದರಸ

ಹುನಗುಂದದ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪಾದರಸ ವಿಷ, ಸುಮ್ಮನೆ ಇಟ್ಟರೂ ಆವಿಯಾಗುತ್ತದೆ, ಮಣ್ಣು ಸೇರಿದರೆ ಬಿಟ್ಟು ಹೋಗುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿ, ಸಂಜೆ ಬಸ್ಸು ಹಿಡಿದು ಇಳಕಲ್ಲಿಗೆ ಬರುತ್ತೇನೆ. ಬಂದು ಅದೇ ಪಾದರಸದ ನಡುವೆ ವರ್ಷವಿಡೀ ಕೂತ ಜೋಳದ ರೊಟ್ಟಿ ಬಡಿಯುತ್ತೇನೆ. ಇಂಥ ಬುದ್ಧಿವಂತೆಗೆ ಏನನ್ನಬೇಕೋ ನೀವೇ ಹೇಳಿ.

ನಮ್ಮ ಕಡೆ ವರ್ಷದ ಜೋಳ ಒಣಗಿಸಿ ಡ್ರಮ್ಮಿಗೆ ತುಂಬುವಾಗ, ನುಸಿ ಹಿಡಿಯದಿರಲೆಂದು ನಡುನಡುವೆ ಪಾದರಸದ ಗುಳಿಗೆ ಇಡುತ್ತಾರೆ. ಬೂದು ಬಣ್ಣದ್ದು, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಅರಿವೆಯಲ್ಲಿ ಕಟ್ಟಿ ಹಾಕುವುದು. ನಾನು ಮದುವೆಯಾಗಿ ಬಂದಾಗಿನಿಂದ ಡ್ರಮ್ಮು ತುಂಬುವ ಕೆಲಸ ಅತ್ತೆಯದು. ಹಳೆಯ ಗುಳಿಗೆಗಳು ಎಲ್ಲಿಗೆ ಹೋಗುತ್ತವೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಈ ಚಳಿಗಾಲದಲ್ಲಿ ಗೊತ್ತಾಯಿತು. ಮಗಳು ಕುಬಸದ ಶಾಸ್ತ್ರ ಮುಗಿಸಿಕೊಂಡು ಬಾದಾಮಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಅವಳಿಗೆ ಬೇರೇನೂ ಸೇರುತ್ತಿರಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಅತ್ತೆ ಹಿತ್ತಲಲ್ಲಿ ಬೆಳೆದ ಹಕ್ಕರಕಿ, ಮೆಂತ್ಯದ ಸೊಪ್ಪು, ಎಲ್ಲ ಹಸಿ ಹಸಿಯಾಗಿಯೇ. ಒಂದೂವರೆ ತಿಂಗಳು ಎರಡೂ ಹೊತ್ತು ತಿಂದಳು. ಒಂದು ರವಿವಾರ ಅತ್ತೆ ಸೊಪ್ಪಿನ ಮಡಿ ಕೆದರುವಾಗ ಕುರ್ಪಿಗೆ ಬೂದು ಗುಳಿಗೆಯೊಂದು ಸಿಕ್ಕು ಒಡೆಯಿತು. ಮಣ್ಣಿನ ಮೇಲೆ ಸಾಸಿವೆ ಕಾಳಿನಷ್ಟು ಬೆಳ್ಳನೆಯ ಹನಿ ಉರುಳಿತು.

“ಅತ್ತೀ, ಇದನ್ನ ಇಲ್ಲಿ ಯಾಕ ಹಾಕೀರಿ?”

“ಹುಳ ಹತ್ತಬಾರದಂತ. ಕಾಳಿಗೆ ಹತ್ತಂಗಿಲ್ಲ ಅಂದಮ್ಯಾಲ ಎಲಿ ತಪ್ಪಲಕ್ಕ ಹ್ಯಾಂಗ ಹತ್ತತಾವ? ವರ್ಷಾ ಹಾಕ್ತೇನಿ.”

“ವಿಷ ಅದ್ರಿ ಅದು!”

“ವಿಷ ಇದ್ರ ನೀ ಯಾಕ ತಂದುಕೊಡ್ತಿದ್ದಿ?”

ಸಿಟ್ಟು ನೆತ್ತಿಗೇರಿತ್ತು. ಆದರೆ ಗುಳಿಗೆ ತರುತ್ತಿದ್ದವಳು ನಾನೇ. ಪ್ರತಿ ಬೇಸಿಗೆಗೆ, ಶಾಲೆಯಿಂದ ಬರುವಾಗ, ಚಹಾಪುಡಿಯ ಜೊತೆ.

ಸೊಪ್ಪೆಲ್ಲ ಕಿತ್ತೆ. ಮಣ್ಣನ್ನು ಡಬ್ಬಿಗೆ ತುಂಬಿ, ಮಗಳನ್ನೂ ಕರೆದುಕೊಂಡು ಬಾಗಲಕೋಟೆಗೆ ಹೋದೆ. ಮಣ್ಣು ಪರೀಕ್ಷೆ ಮಾಡುವಾತ ಪಾಪ ಒಳ್ಳೆಯವನೇ. “ಪಾದರಸ ಇಲ್ಲಿ ನೋಡಂಗಿಲ್ರಿ ಮೇಡಂ. ಸಾರಜನಕ, ರಂಜಕ ಬೇಕಾದ್ರ ನೋಡಿ ಹೇಳ್ತೇನಿ,” ಎಂದ. ಮಣ್ಣನ್ನು ಬೆರಳಲ್ಲಿ ಉಜ್ಜಿ, “ಭಾಳ ಚೊಲೋ ಎರಿ ಮಣ್ಣು ಐತಿ,” ಎಂದು ಹೊಗಳಿ ಬೇರೆ ಕಳಿಸಿದ. ಅಲ್ಲೇ ನವನಗರದಲ್ಲಿ ಮಗಳನ್ನು ನೋಡಿದ ಡಾಕ್ಟರಮ್ಮ ಮಾತ್ರ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆ ಸೊಪ್ಪು ಇನ್ನು ಮುಟ್ಟಬೇಡ ಎಂದು ಮಗಳಿಗೆ ಹೇಳಿ, ರಕ್ತ ತೆಗೆಸಿ ದೂರದ ಊರಿಗೆ ಕಳಿಸಿದರು. ವರದಿಗೆ ಹದಿನೈದು ದಿನ.

ಆ ಹದಿನೈದು ದಿನ ನನಗೆ ನಿದ್ದೆಯಿಲ್ಲ, ಸಮಾಧಾನವಿಲ್ಲ. ಮಡಿಯ ಮಣ್ಣನ್ನು ಮೊಳದಾಳಕ್ಕೆ ಅಗೆಸಿ ಚೀಲಕ್ಕೆ ತುಂಬಿಸಿದೆ. ತುಂಬಿಸಿದ ಮೇಲೆ ಎಲ್ಲಿ ಹಾಕುವುದು? ಕಸದ ಗಾಡಿಯವನು ಒಲ್ಲೆ ಎಂದ. ಹಳ್ಳಕ್ಕೆ ಸುರಿಯಲು ನನಗೇ ಮನಸ್ಸು ಬರಲಿಲ್ಲ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ನಿಮಗ ಬ್ಯಾಡಾದ್ರ ನಮಗರ ಕೊಡ್ರಿ, ಗುಲಾಬಿ ಹಚ್ಚತೇನಿ,” ಎಂದಳು. ಪಾಠ ಒಪ್ಪಿಸಿದಂತೆ ಎಲ್ಲ ವಿವರಿಸಿದೆ. ಸಾವಧಾನವಾಗಿ ಕೇಳಿ, “ಗುಲಾಬಿ ಯಾರ್ ತಿಂತಾರ್ರಿ?” ಎಂದಳು. ಸಾಕಾಗಿ ಹೋಯಿತು. ಐದು ಚೀಲ ಈಗ ಬಚ್ಚಲ ಹಿಂದೆ ಕೂತಿವೆ. ಅತ್ತೆ ಅವುಗಳ ಮೇಲೆ ಹಪ್ಪಳ ಒಣಹಾಕಲು ಹೋಗಿ ನನ್ನಿಂದ ಎರಡು ಸಲ ಬೈಸಿಕೊಂಡಿದ್ದಾರೆ.

ಮೊನ್ನೆ ವರದಿ ಬಂತು. ರಕ್ತದಲ್ಲಿ ಪಾದರಸ ಇದೆ, ಹೆಚ್ಚಿಲ್ಲ. ಸ್ಕ್ಯಾನಿಂಗಿನಲ್ಲಿ ಕೂಸು ಚೆನ್ನಾಗಿದೆ. ಅದಕ್ಕಿಂತ ಹೆಚ್ಚಿನದನ್ನು ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ಹೆರಿಗೆಗೆ ಇನ್ನು ಇಪ್ಪತ್ತು ದಿನ.

ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು, “ಅವ್ವಾ, ಕೂಸಿಗೆ ಏನೂ ಆಗಿಲ್ಲ, ಹೌದಲ್ಲ?”

“ಏನೂ ಆಗಿಲ್ಲ,” ಎಂದೆ, ಗಟ್ಟಿಯಾಗಿ, ತಡಮಾಡದೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ತರಗತಿಯಲ್ಲಿ ನಾನು ತೆಗೆಯುವ ದನಿ ಅದು. ಮೂರು ವರ್ಷ ನನ್ನ ಮುಂದೆಯೇ ಬೆಂಚಿನ ಮೇಲೆ ಕೂತು ಕಲಿತವಳಿಗೆ ಅದರ ಗುರುತು ಹತ್ತದೇ ಇರುತ್ತದೆಯೇ?