ದೊಡ್ಡ ಮೇಜಿನ ಶನಿವಾರಗಳು

ಲಂಡನ್ನಿನ ಎಜ್‌ವೇರ್‌ನ ಆ ಹಳೆಯ ಮನೆಯನ್ನು ಯಾರೋ ಎರಡು ಫ್ಲ್ಯಾಟ್ ಮಾಡಿ ಬಾಡಿಗೆಗೆ ಬಿಟ್ಟಿದ್ದರು. ಕೆಳಗೆ ಉಡುಪಿ ಕಡೆಯ ನರ್ಸ್ ಅನ್ನೆಟ್ ಮತ್ತು ಅವಳ ಪುಟ್ಟ ಮಗಳು ವಲೀಶಾ. ಮೇಲೆ ಬೆಂಗಳೂರಿನ ಲೋಕೇಶ ಮತ್ತು ಅವನ ಹೆಂಡತಿ, ಗದಗಿನ ಶೋಭಾ. ನೆಲ ಹಲಗೆಯದು. ಮೇಲೆ ಕುರ್ಚಿ ಎಳೆದರೆ ಕೆಳಗೆ ಕೇಳುತ್ತಿತ್ತು.

ಶೋಭಾ ಇಸ್ಪೀಟು ಕಲಿತದ್ದು ಅಜ್ಜಿ ಬಸಲಿಂಗವ್ವನ ಹತ್ತಿರ. "ನಿನ್ನ ಎಲಿ ಎಲ್ಲಿ ಓಡಿ ಹೋಗತಾವ? ಎದುರಿನವರ ಮಾರಿ ನೋಡು" ಎಂದು ಅಜ್ಜಿ ತಲೆಗೆ ಮೊಟಕುತ್ತಿದ್ದಳು.

೨೦೦೪ರಲ್ಲಿ ಲೋಕೇಶ ಕಂಪ್ಯೂಟರಿಗೆ ಪೋಕರ್, ಇಂಟರ್ನೆಟ್ಟಿನಲ್ಲಿ ಹಣ ಕಟ್ಟಿ ಆಡುವ ಇಸ್ಪೀಟು, ಹಾಕಿಕೊಂಡ, ವಾರದೊಳಗೆ ಬೇಸತ್ತು ಬಿಟ್ಟ. ಅವನ ಖಾತೆಯಲ್ಲಿ ಉಳಿದ ಪುಡಿಗಾಸು ಹಿಡಿದುಕೊಂಡು ಶೋಭಾ, ಅವನು ಆಫೀಸಿಗೆ ಹೋದ ಮೇಲೆ, ಪೆನ್ನಿಗಳ, ಅಂದರೆ ಚಿಲ್ಲರೆ ಕಾಸಿನ, ಮೇಜುಗಳಲ್ಲಿ ಆಡತೊಡಗಿದಳು. ಪರದೆಯಲ್ಲಿ ಮುಖಗಳಿರಲಿಲ್ಲ. ಯಾರು ಎಷ್ಟು ಹೊತ್ತು ತಡೆದು ಹಣ ಹಾಕುತ್ತಾರೆ ಎಂಬುದನ್ನೇ ಅವಳು ಮುಖದಂತೆ ಓದಿದಳು. ಕೈಯಲ್ಲಿ ಸ್ವಲ್ಪ ಸೇರಿದಾಗ ಅದರಲ್ಲೊಂದು ಚೂರು ತೆಗೆದುಕೊಂಡು ದುಬಾರಿ ಮೇಜಿಗೆ ಹೋಗುವಳು. ಶ್ರೀಮಂತ ಬೀಗರ ಮನೆಗೆ ಹೋದ ಹಾಗೆ, ತುದಿಯಲ್ಲಿ ಕೂತು, ತಂದದ್ದು ಮುಗಿದರೆ ಮುನಿಸಿಲ್ಲದೆ ಎದ್ದು ಬರುವಳು. ಮತ್ತೆ ಪೆನ್ನಿಗಳು.

ಅಕ್ಸ್‌ಬ್ರಿಡ್ಜ್‌ನಲ್ಲಿ ಲ್ಯಾಬ್ ಕೆಲಸದ ಕೋರ್ಸೊಂದಿತ್ತು. ಅದರ ಫೀಸು ಕೇಳಿದಾಗ ಲೋಕೇಶ ನಕ್ಕಿದ್ದ: "ಓದಿ ಯಾರನ್ನ ಉದ್ಧಾರ ಮಾಡ್ಬೇಕು?" ಆ ಫೀಸಿಗಾಗಿಯೇ ಈ ಆಟ. ಎರಡು ವರ್ಷಕ್ಕೆ ಮೊತ್ತ ಹತ್ತಿರ ಹತ್ತಿರ ಕೂಡಿತ್ತು.

ಒಂದು ಭಾನುವಾರ ಊಟಕ್ಕೆ ಬಂದ ಗೆಳೆಯ ರಾಕೇಶನಿಗೆ ಏನೋ ತೋರಿಸಲು ಹೋಗಿ ಲೋಕೇಶ ಖಾತೆ ತೆರೆದ.

"ಮಗಾ, ನೋಡೋ ಇಲ್ಲಿ! ನಮ್ಮ ಗದಗ ಎಕ್ಸ್‌ಪ್ರೆಸ್ ಎಷ್ಟು ಗುಡ್ಡೆ ಹಾಕಿದೆ!"

ಬೈಯಲಿಲ್ಲ. ಅವನಿಗೆ ಖುಷಿಯೇ ಆಗಿತ್ತು. ಕುರ್ಚಿ ಎಳೆದುಕೊಂಡು ಕೂತವನೇ ಇಡೀ ಮೊತ್ತವನ್ನು ಅತಿ ದುಬಾರಿ ಮೇಜಿಗೆ ಒಯ್ದ.

"ಅಲ್ಲಿ ಬ್ಯಾಡ್ರಿ," ಎಂದಳು ಶೋಭಾ. "ಅದು ನನ್ನ ಫೀಸಿಂದು."

"ಖಾತೆ ಯಾರ ಹೆಸರಲ್ಲಿದೆ?"

ಎರಡು ಸಲ ಗೆದ್ದ. ಮೂರನೆಯ ಸಲ ಎದುರಿನವನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಎಲ್ಲವನ್ನೂ ಮುಂದಕ್ಕೆ ತಳ್ಳಿದ.

"ಎಲಿ ಒಗದ್ಬಿಡ್ರಿ. ಅಂವನ ಹತ್ರ ಖರೇನ ದೊಡ್ಡದೈತಿ."

"ಐತಂತೆ! ಕೇಳೋ ರಾಕಿ, ಐತಂತೆ!" ಲೋಕೇಶ ನಗುತ್ತಲೇ ತನ್ನದನ್ನೂ ಪೂರ್ತಿ ಹಾಕುವ ಗುಂಡಿ ಒತ್ತಿದ.

ಎದುರಿನವನ ಹತ್ತಿರ ದೊಡ್ಡದೇ ಇತ್ತು. ಖಾತೆ ಸೊನ್ನೆಯಾಯಿತು. ರಾಕೇಶ ತಲೆ ತಗ್ಗಿಸಿ ಚಪಾತಿ ಹರಿಯುತ್ತಿದ್ದ.

"ಹಿಂದೆ ನಿಂತು ವಟವಟ ಅಂದ್ರೆ ಇನ್ನೇನಾಗತ್ತೆ?" ಎಂದ ಲೋಕೇಶ. "ಹೋಗು, ಮೊಸರು ತಗೊಂಡು ಬಾ."

ತಂದಳು.

ಆ ದಿನ ಗೆದ್ದ ಎರಡು ಆಟಗಳ ಹುಚ್ಚು ಲೋಕೇಶನಿಗೆ ಹಿಡಿದುಕೊಂಡಿತು. ಸಂಬಳ ಬಂದ ವಾರಗಳಲ್ಲಿ, ಶನಿವಾರ ಮಧ್ಯಾಹ್ನ, ದೊಡ್ಡ ಮೇಜಿಗೆ ಹೋಗತೊಡಗಿದ. ಅದೇ ಶನಿವಾರಗಳಲ್ಲಿ ಅನ್ನೆಟ್‌ಗೆ ಆಸ್ಪತ್ರೆಯ ಪಾಳಿ. ಶೋಭಾ ಕೆಳಗೆ ಹೋಗಿ ವಲೀಶಾಳನ್ನು ನೋಡಿಕೊಳ್ಳುತ್ತಿದ್ದಳು. ಅನ್ನೆಟ್ ಕೊಟ್ಟ ದುಡ್ಡಿನಿಂದ ತನ್ನ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ತೆರೆದು, ಅನ್ನೆಟ್‌ಳ ಕಂಪ್ಯೂಟರಿನಲ್ಲಿ ಪೆನ್ನಿಗಳಿಂದ ಮತ್ತೆ ಶುರು ಮಾಡಿದಳು. ಆಟದಲ್ಲಿ ಅವಳ ಹೆಸರು ಜಾರ್ಜ್.

ಮರುವರ್ಷ, ಒಂದು ಶನಿವಾರ, ಜಾರ್ಜ್ ಒಂದು ಚೂರು ತೆಗೆದುಕೊಂಡು ದೊಡ್ಡ ಮೇಜಿಗೆ ಹೋದ. ಅಲ್ಲಿ, ಅವಳು ಎರಡು ವರ್ಷ ಆಡಿದ್ದ ಅದೇ ಖಾತೆಯ ಹೆಸರಿನಲ್ಲಿ, ಲೋಕೇಶ ಕೂತಿದ್ದ.

ಒಳ್ಳೆಯ ಎಲೆ ಬಂದರೆ ಲೋಕೇಶ ಅಲುಗಾಡುವುದಿಲ್ಲ. ಕೆಟ್ಟ ಎಲೆ ಹಿಡಿದು, ದೊಡ್ಡದಿದೆ ಎಂದು ಹೆದರಿಸಲು ಹಣ ಹಾಕಿದಾಗ ಕುರ್ಚಿ ಹಿಂದೆ ತಳ್ಳಿ ಎದ್ದು ಓಡಾಡುತ್ತಾನೆ. ಮೇಲಿನ ಹಲಗೆ ಕಿರುಗುಟ್ಟಿದಾಗಲೆಲ್ಲ ಜಾರ್ಜ್ ಹಣ ಹಾಕಿದ. ಮೇಲೆ ಸದ್ದಿಲ್ಲದಿದ್ದರೆ ಎಲೆ ಕೆಳಗಿಟ್ಟ. ಮೋಸ ಎಂದು ಶೋಭಾಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿ ಮೇಲಕ್ಕೇ ಇತ್ತು.

ಅಂಥ ಶನಿವಾರಗಳ ಸಂಜೆ ಮೇಲೆ ಬಂದು ಟೀ ಇಡುವಾಗ ಕೇಳುವಳು: "ಸೋತ್ರೇನ್ರಿ?"

"ಆ ಜಾರ್ಜ್ ಮುದುಕ! ನನ್ನ ತಲೆ ಒಳಗೇ ಕೂತಿದ್ದಾನೇನೋ ಅನ್ಸತ್ತೆ."

"ಹಂಗಾರ ಬ್ಯಾರೆ ಮೇಜಿಗಿ ಹೋಗ್ರಿ."

"ಅವನನ್ನ ಬಿಡ್ತೀನಾ ನಾನು? ನೀನು ಸುಮ್ನಿರು, ನಿಂಗೇನು ಗೊತ್ತು?"

ಚಳಿಗಾಲ ಮುಗಿಯುವ ಹೊತ್ತಿಗೆ ಫೀಸು ಪೂರ್ತಿ ಕೂಡಿತು. ಶೋಭಾ ಅಕ್ಸ್‌ಬ್ರಿಡ್ಜ್‌ಗೆ ಹೋಗಿ ಕಟ್ಟಿ ಬಂದಳು, ಗಂಡನಿಗೆ ಹೇಳಲಿಲ್ಲ. ಮುಂದಿನ ಶನಿವಾರ ಕೆಳಗಿಳಿದಾಗ ಇನ್ನು ಆಡುವ ಅಗತ್ಯವಿರಲಿಲ್ಲ. ವಲೀಶಾಳನ್ನು ಮಲಗಿಸಿ ಕಂಪ್ಯೂಟರಿನ ಮುಂದೆ ಕೂತಳು.

ಅಂದು ಲೋಕೇಶ ಮನೆ ಕೊಳ್ಳಲು ಕೂಡಿಟ್ಟ ಹಣ ತಂದಿದ್ದ. ಅವನು ಎಲ್ಲವನ್ನೂ ಮುಂದಕ್ಕೆ ತಳ್ಳಿದ. ಮೇಲೆ ಕುರ್ಚಿ ಎಳೆದ ಸದ್ದಾಯಿತು. ಕಿಟಕಿಯ ತನಕ ನಡೆದ, ವಾಪಸು ಬಂದ, ಮತ್ತೆ ನಡೆದ. ಶೋಭಾ ಆ ಹೆಜ್ಜೆಗಳನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗುಂಡಿ ಒತ್ತಿದಳು.

ಅವನ ಹಣವೆಲ್ಲ ಜಾರ್ಜ್ ಕಡೆಗೆ ಬಂತು. ಹೆಜ್ಜೆಗಳು ನಿಂತವು. ತುಸು ಹೊತ್ತಿನ ಮೇಲೆ ಪರದೆಯ ಮೂಲೆಯಲ್ಲಿ ಅವನ ಇಂಗ್ಲಿಷ್ ಅಕ್ಷರಗಳು ಮೂಡಿದವು: ಬಹಳ ಚೆನ್ನಾಗಿ ಆಡುತ್ತೀರಿ, ಸರ್. ನಿಮ್ಮಿಂದ ಕಲಿಯುವುದಿದೆ. ಮುಂದಿನ ತಿಂಗಳು ಬರುತ್ತೀರಾ?

ಮದುವೆಯಾದಾಗಿನಿಂದ ಅವನು ಅವಳೊಂದಿಗೆ ಹೀಗೆ ಮಾತಾಡಿರಲಿಲ್ಲ. ಶೋಭಾ ಎರಡು ಸಲ ಓದಿದಳು.

ಬರುತ್ತೇನೆ, ಎಂದು ಬರೆದಳು.