ಕೆರೆ ಏರಿಯ ಮೇಲೆ ಹಿಂದಕ್ಕೆ

ಅವರ ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪು. ಅರ್ಧ ತೋಳಿನ ಅಂಗಿ ಮುಗಿಯುವಲ್ಲಿಂದ ಬೆರಳ ತುದಿಯವರೆಗೂ ಬಿಸಿಲು ಕುಡಿದ ಬಣ್ಣ. ಎಡಗೈ ಮಾತ್ರ ಹುಟ್ಟಿದಾರಭ್ಯ ನೆರಳಲ್ಲೇ ಕೂತ ಹಾಗೆ ಬೆಳ್ಳಗೆ. ವರ್ಷಗಟ್ಟಲೆ ಕಾರಿನ ಕಿಟಕಿಯ ಮೇಲೆ ಮೊಣಕೈ ಊರಿ ಓಡಿಸಿದ್ದರ ಗುರುತು ಅದು. ಶಿರಸಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರು. ಎರಡೂ ಕೈ ಜೋಡಿಸಿ ತೋರಿಸಿ, ಒಂದೇ ಥಾನಿನ ಬಟ್ಟೆ, ಅರ್ಧ ಮಾತ್ರ ಶೋಕೇಸಿನಲ್ಲಿತ್ತು ಎಂದು ನಗುತ್ತಿದ್ದರು.

ನಮ್ಮ ಬಾಡಿಗೆ ಮನೆಯ ಪಕ್ಕದ ಮನೆ ಅವರದು. ಪೇಟೆಗೆಲ್ಲ ಅವರು ಸಾವ್ಕಾರ್ರು, ನನಗೆ ಕಾಕಾ. ಬನವಾಸಿ ಕಡೆಯ ಹಳ್ಳಿಯಿಂದ ಬಂದು ಅರ್ಧ ಆಯುಷ್ಯ ಶಿರಸಿಯಲ್ಲಿ ಕಳೆದರೂ ಮಾತು ಮಾತ್ರ ಆ ಕಡೆಯದೇ. ನಾನು ಶಾಲೆಯ ಮೇಡಂ ಆದ್ದರಿಂದ ಅವರ ಬಾಯಲ್ಲಿ ಅಕ್ಕೋರು.

ಕಾರಿನ ವಿಷಯ ಬಂತೆಂದರೆ ಅವರ ಮುಂದೆ ಯಾರೂ ಬಾಯಿ ಬಿಡುವಂತಿರಲಿಲ್ಲ. ನಮ್ಮ ಕಡೆಯ ಕೆಂಪು ರಾಡಿಯಲ್ಲಿ ಬಿಳಿ ಕಾರು ತೆಗೆದುಕೊಳ್ಳುವವರು ಒಂದೋ ಮದುಮಕ್ಕಳಾಗಿರಬೇಕು, ಇಲ್ಲವೋ ಮನೆಯಲ್ಲಿ ತೊಳೆಯಲು ಆಳಿರಬೇಕು. ಮಾಡಿನಲ್ಲಿ ಕಿಂಡಿ ಇರುವ ಕಾರು ರಕ್ತ ಹೀರುವ ಇಂಬಳವನ್ನು ಒಳಗೆ ಕರೆಯಲು ಮಾಡಿದ್ದು. ಕ್ಲಚ್ ಇಲ್ಲದ ಗಾಡಿಯಲ್ಲಿ ಎಡಗಾಲು ಏನು ಮಾಡಬೇಕು, ತಾಳ ಹಾಕಬೇಕೇ? ಇಳುಕಲಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವನ ಜೊತೆ ದೇವಿಮನೆ ಘಟ್ಟ ಇಳಿಯಬಾರದು, ಅವನ ಮನೆಯ ಹೆಣ್ಣನ್ನೂ ತರಬಾರದು. ಎಲ್ಲವೂ ಸರಿ ಇರುತ್ತಿತ್ತು ಅಂತಲ್ಲ. ಕೆಂಪು ಬಣ್ಣದ ಕಾರು ಮಳೆಗಾಲದಲ್ಲಿ ಬೇಗ ಸ್ಟಾರ್ಟ್ ಆಗುತ್ತದೆ ಎಂದು ಕೊನೆಯವರೆಗೂ ವಾದಿಸಿದರು. ಅವರ ಕಾರು ಕೆಂಪು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಂಗಡಿಯ ಗಾದಿಯ ಮೇಲೆ ಕೂತು, ಹೊರಗೆ ಕಾರು ನಿಲ್ಲಿಸುವುದನ್ನು ನೋಡಿಯೇ ಗಿರಾಕಿಯ ಗುಣ ಹೇಳುತ್ತಿದ್ದರು. ಮೂತಿ ರಸ್ತೆಗೆ ಮಾಡಿ ನಿಲ್ಲಿಸಿದವರು ಎರಡು ಸೀರೆ ನೋಡಿ ಒಂದು ತೆಗೆದುಕೊಂಡು ಹೋಗುತ್ತಾರೆ. ಮೂತಿ ಒಳಗೆ ತೂರಿಸಿ ನಿಲ್ಲಿಸಿದವರು ಕಪಾಟು ಪೂರಾ ಬಿಚ್ಚಿಸಿ, ಆಮೇಲೆ ಬರುತ್ತೇವೆ ಎನ್ನುತ್ತಾರೆ. ನಾನು ಅಲ್ಲಿ ಕೂತಿದ್ದಾಗ ಒಂದೆರಡು ಸಲ ಇದು ಸುಳ್ಳಾದದ್ದೂ ಉಂಟು. ಆಗ ಕಾರು ಗಂಡನದು, ಸೀರೆ ನೋಡಿದವಳು ಹೆಂಡತಿ, ಲೆಕ್ಕ ತಪ್ಪುವುದೇ ಎಂದು ಜಾರಿಕೊಂಡರು.

ನನ್ನ ಬಳಿಯೂ ಲೈಸೆನ್ಸ್ ಇತ್ತು. ಮದುವೆಗೆ ಮುಂಚೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಮಾಡಿಸಿದ್ದು. ಗುರುತು ತೋರಿಸಬೇಕಾದಲ್ಲೆಲ್ಲ ತೋರಿಸುತ್ತಿದ್ದೆ, ಓಡಿಸಿದ್ದು ಮಾತ್ರ ಇಲ್ಲ. ಅಷ್ಟರಲ್ಲಿ ನನಗೆ ಯಲ್ಲಾಪುರ ತಾಲೂಕಿಗೆ ವರ್ಗವಾಯಿತು. ಮಂಚಿಕೇರಿಯ ಆಚೆ ಒಳರಸ್ತೆಯಲ್ಲಿ ಶಾಲೆ. ಎರಡು ಬಸ್ಸು ಬದಲಿಸಿ ಮುಟ್ಟುವಾಗ ಪ್ರಾರ್ಥನೆ ಮುಗಿದು ಮೊದಲ ಪಾಠ ಅರ್ಧವಾಗಿರುತ್ತಿತ್ತು. ಮುಖ್ಯಾಧ್ಯಾಪಕರು ಒಳ್ಳೆಯವರು, ಆದರೆ ಎಷ್ಟು ದಿನ ಒಳ್ಳೆಯವರಾಗಿರಬೇಕು? ಸೆಕೆಂಡ್ ಹ್ಯಾಂಡ್ ಕಾರು ಒಂದನ್ನು ಕೊಂಡೆವು. ನನ್ನವರ ಕೆಲಸ ಸಿದ್ದಾಪುರದಲ್ಲಿ, ಅವರು ಗೆಳೆಯರ ಜೊತೆ ಹೋಗುತ್ತಿದ್ದರು. ಕಾರು ನನ್ನ ಪಾಲಿಗೆ ಬಂತು.

ಮೊದಲೆರಡು ದಿನ ದೇವರ ದಯೆ. ಮೂರನೆಯ ದಿನ ಒಳರಸ್ತೆಯಲ್ಲಿ ಎದುರಿಗೆ ಬಸ್ಸು ಬಂತು. ಒಂದೇ ಗಾಡಿಯ ಅಗಲದ ಡಾಂಬರು, ಎರಡೂ ಕಡೆ ಗಟಾರ. ಸರಿಯುವ ಜಾಗ ನನ್ನ ಹಿಂದೆಯೇ ಇತ್ತು. ನನಗೆ ರಿವರ್ಸ್ ಬರುತ್ತಿರಲಿಲ್ಲ. ಸ್ವಲ್ಪ ಹಿಂದೆ, ಗಟಾರದ ಕಡೆ, ಮತ್ತೆ ಮುಂದೆ. ಬಸ್ಸಿನ ಪ್ರತಿ ಕಿಟಕಿಯಲ್ಲೂ ಒಂದು ತಲೆ. ಕೊನೆಗೆ ಪ್ರಯಾಣಿಕರೊಬ್ಬರು ಇಳಿದು ಬಂದು ನನ್ನ ಕಾರನ್ನು ಹಿಂದೆ ತೆಗೆದುಕೊಟ್ಟರು. ನಾನು ಪಕ್ಕದ ಸೀಟಿನಲ್ಲಿ ಬ್ಯಾಗು ಅಪ್ಪಿಕೊಂಡು ಕೂತಿದ್ದೆ. ಆ ಸಂಜೆ ಹೇಗೋ ಮನೆಗೆ ತಂದು ಕಾರಿಗೆ ಮುಸುಕು ಹಾಕಿದೆ. ಅತ್ತೆ ಸಮಾಧಾನಕ್ಕೇ ಹೇಳಿದರು: "ಬಿಟ್ಟಾಕೆ. ಕೆಲ್ಸ ಬಿಟ್ರೂ ಊಟಕ್ಕೆಂತ ತೊಂದ್ರೆ ಇಲ್ಲೆ." ಊಟಕ್ಕೆ ತೊಂದರೆ ಇರಲಿಲ್ಲ, ನಿಜ. ಆದರೆ ಕಲಿಸುವುದು ಬಿಟ್ಟು ನನಗೆ ಬೇರೇನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ರಾಜೀನಾಮೆಯ ಯೋಚನೆ ಬಂದು ಊಟವೇ ಸೇರಲಿಲ್ಲ.

ನಾನು ಮತ್ತೆ ಬಸ್ಸಿಗೆ ಓಡುವುದನ್ನು ಕಾಕಾ ಕಾಂಪೌಂಡಿನ ಆಚೆಯಿಂದ ನೋಡಿದರು. ಮುಸುಕು ಹಾಕಿದ ಕಾರನ್ನೂ ನೋಡಿದರು. ಯಾಕೆಂದು ಕೇಳಿ ತಿಳಿದುಕೊಂಡು, ಭಾನುವಾರ ಅದೇ ಕಾರಿನಲ್ಲಿ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಹಳ್ಳಿ ಸೇರಬೇಕಾದರೆ ಕೆರೆ ಏರಿಯ ಮೇಲೆ ಹೋಗಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಕೆಳಗೆ ಗದ್ದೆ. ಹಳ್ಳಿಯ ತುದಿಗೆ ಹುಣಸೆಮರ, ಅಲ್ಲಿ ಮಾತ್ರ ಅಗಲ ಜಾಗ. ಏರಿಯ ಈಚೆ ತುದಿಯಲ್ಲಿ ಕಾರಿನ ಬೆನ್ನು ಹಳ್ಳಿಗೆ ಮಾಡಿ ನಿಲ್ಲಿಸಿ, ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು.

"ಮುಂದ ಹೋಗೂದು ಎಲ್ಲಾರ್ಗೂ ಬರ್ತೈತಿ ಅಕ್ಕೋರ. ಹಿಂದ ಬರೂದು ಕಲೀರಿ, ಅಂಜಿಕಿ ತಾನ ಹೋಗ್ತೈತಿ" ಎಂದು ಹೇಳಿ, ಅಂಗಡಿಯಿಂದ ತಂದಿದ್ದ ಬಟ್ಟೆ ಅಳೆಯುವ ಮೀಟರ್ ಕಡ್ಡಿ ಹಿಡಿದು ಏರಿಯುದ್ದಕ್ಕೂ ನಡೆದುಹೋದರು. ಹುಣಸೆಮರದ ಕೆಳಗೆ, ರಸ್ತೆಯ ನಟ್ಟನಡುವೆ, ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ನಿಂತರು. ಅದನ್ನು ನೋಡಿಕೊಂಡು ನಾನು ಹಿಂದಕ್ಕೆ ಹೋಗಬೇಕು. ಕಾರಿನ ದಾರಿಯಲ್ಲೇ ನಿಂತಿದ್ದರು ಪುಣ್ಯಾತ್ಮ. ಬದಿಗೆ ಸರಿಯಿರಿ ಎಂದು ಕೂಗಿ ಹೇಳಿದರೆ ಕಡ್ಡಿ ಅಲ್ಲಾಡಿಸಿ ಬಾ ಎಂದರು.

ಸ್ಟೇರಿಂಗನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಬೇಡಿ ಎಂದು ಬೈಸಿಕೊಂಡೆ. ನೀರಿನ ಕಡೆಗೆ ಕಾರು ವಾಲಿದಾಗ ನನಗಿಂತ ದಂಡೆಯ ಕೊಕ್ಕರೆಗಳಿಗೆ ಹೆಚ್ಚು ಗಾಬರಿಯಾಯಿತು. ಒಂದು ಭಾನುವಾರಕ್ಕೆ ಮುಗಿಯುವ ಕೆಲಸ ಆಗಿರಲಿಲ್ಲ. ಆದರೆ ಅವರು ಒಮ್ಮೆಯೂ ನಿಂತ ಜಾಗದಿಂದ ಕದಲಲಿಲ್ಲ, ಒಮ್ಮೆಯೂ ನನ್ನ ಕೈಯಿಂದ ಸ್ಟೇರಿಂಗ್ ತೆಗೆದುಕೊಳ್ಳಲಿಲ್ಲ. ಕಾರು ನೆಟ್ಟಗೆ ಬಂದು ಕಡ್ಡಿಯ ಹತ್ತಿರ ನಿಂತ ದಿನ, ಹುಣಸೆಮರದ ಕೆಳಗೆ ಅವರ ಮನೆಯಿಂದ ತಂದ ಮಂಡಕ್ಕಿ ತಿನ್ನುತ್ತ ಎರಡು ನಿಯಮ ಹೇಳಿದರು. "ತುಂಬಿದ ಗಾಡಿ ಎದ್ರಿಗೆ ಬಂದ್ರ ಖಾಲಿ ಗಾಡಿ ಹಿಂದ ಸರೀಬೇಕ್ರಿ, ಅದ್ರಾಗ ಸೋಲೇನಿಲ್ಲ. ಮತ್ತ, ದಾರಿ ಬಿಟ್ಟವ್ರಿಗೆ ಕೈ ಎತ್ತದ ಹೋಗಬಾರ್ದು." ಅವರೇ ಕಿಟಕಿಯ ಮೇಲಿನ ಆ ಕರಿ ಕೈಯನ್ನು ಒಂದು ಗೇಣು ಎತ್ತಿ ಇಳಿಸುತ್ತಿದ್ದರು. ಹಾರ್ನ್ ಹೊಡೆದು ಥ್ಯಾಂಕ್ಸ್ ಹೇಳುವುದು ಅವರಿಗೆ ಸೇರುತ್ತಿರಲಿಲ್ಲ.

ಮುಂದಿನ ವಾರ ಒಳರಸ್ತೆಯಲ್ಲಿ ಅದೇ ಬಸ್ಸು ಸಿಕ್ಕಿತು. ನಾನು ಹಿಂದೆ ಸರಿದೆ. ಡ್ರೈವರ್ ನಕ್ಕು ಕೈ ಎತ್ತಿದ. ಇವತ್ತಿಗೂ ಅದೇ ಶಾಲೆಯಲ್ಲಿದ್ದೇನೆ, ಪ್ರಾರ್ಥನೆಗೆ ಮುಂಚೆಯೇ ಹೋಗಿರುತ್ತೇನೆ. ಪಾಠ ಮಾಡುವ ಖುಷಿ ನನ್ನ ಕೈಯಲ್ಲಿ ಉಳಿದದ್ದು ಕಾಕಾನಿಂದ. ಇದನ್ನು ಅವರಿಗೆ ಹೇಳಿದ್ದೇನೆ ಎಂಬುದೊಂದು ಸಮಾಧಾನ. ಹೇಳಿದಾಗ, ಅದಿರಲಿ, ಟೈರಿಗೆ ಗಾಳಿ ಯಾವಾಗ ನೋಡಿಸಿದಿರಿ ಎಂದು ಕೇಳಿದ್ದರು.

ಹೃದಯದ ತೊಂದರೆಗೆಂದು ಹುಬ್ಬಳ್ಳಿಗೆ ಕರೆದೊಯ್ದ ಬೆಳಿಗ್ಗೆ ಮಗನ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಮಗ ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತಾನೆಂದು ನನ್ನ ಹತ್ತಿರ ದೂರಿದರು. ಕಾರು ಹೊರಟ ಮೇಲೆ ಕಿಟಕಿ ಇಳಿಸಿ, "ಗಾಡಿ ಬಿಸಿಲಾಗ ನಿಲ್ಲಿಸಬ್ಯಾಡ್ರಿ" ಎಂದರು. ಅದೇ ಕೊನೆಯ ಮಾತು.

ಕಾಕಾನ ದೇಹವನ್ನು ಹುಬ್ಬಳ್ಳಿಯಿಂದ ವ್ಯಾನಿನಲ್ಲಿ ನೇರ ಹಳ್ಳಿಗೇ ತರುತ್ತಾರೆ ಎಂದು ತಿಳಿದಾಗ ಅವರ ಮನೆಯ ಹೆಂಗಸರನ್ನು ಕರೆದುಕೊಂಡು ನಾನು ಮೊದಲೇ ಹೋದೆ. ಹೂವು ಸಾಲದೆಂದು ಅವರ ಸೊಸೆ ಹೇಳಿದ್ದಕ್ಕೆ, ಬನವಾಸಿಯಿಂದ ತರಲು ಒಬ್ಬಳೇ ಹೊರಟೆ. ಏರಿಯ ಮುಕ್ಕಾಲು ದಾಟಿದ್ದೆ. ಅಷ್ಟರಲ್ಲಿ ಎದುರಿನ ತುದಿಯಿಂದ ವ್ಯಾನು ಏರಿ ಹತ್ತಿತು. ಅವರೇ. ಅಂದುಕೊಂಡದ್ದಕ್ಕಿಂತ ಬೇಗ ಬಂದಿದ್ದರು.

ವ್ಯಾನಿನ ಡ್ರೈವರ್ ನನ್ನನ್ನು ನೋಡಿ ತಾನೇ ಹಿಂದೆ ಹೋಗಲು ಗೇರು ಬದಲಿಸಿದ, ಅವನಿಗೆ ಏರಿಯ ತುದಿ ಹತ್ತಿರವಿತ್ತು. ನಾನು ಬೇಡವೆಂದು ದೀಪ ಮಿನುಗಿಸಿ ರಿವರ್ಸ್ ಹಾಕಿದೆ. ಏರಿಯ ಉದ್ದಕ್ಕೂ ಹಿಂದಕ್ಕೆ ಹೋದೆ, ವ್ಯಾನು ಮೆಲ್ಲಗೆ ನನ್ನೆದುರಿಗೆ ಬಂತು. ಹುಣಸೆಮರದ ಕೆಳಗೆ ಕಡ್ಡಿ ಹಿಡಿದು ಯಾರೂ ನಿಂತಿರಲಿಲ್ಲ. ಕಣ್ಣು ಮಂಜಾಗಿತ್ತು, ಕಾರು ಮಾತ್ರ ನೆಟ್ಟಗೇ ಹೋಯಿತು.

ಅಗಲ ಜಾಗದಲ್ಲಿ ಸರಿದು ನಿಂತೆ. ವ್ಯಾನು ಪಕ್ಕದಲ್ಲಿ ಹಾಯುವಾಗ ಆ ಡ್ರೈವರ್, ನನಗೆ ಗುರುತೂ ಇಲ್ಲದವನು, ಕಿಟಕಿಯ ಮೇಲಿದ್ದ ಬಲಗೈಯನ್ನು ಒಂದು ಗೇಣು ಎತ್ತಿದ. ನಾನೂ ಎತ್ತಿದೆ. ಆಮೇಲೆ ಹೂವು ತರಲು ಹೋದೆ.